ಸುರಪುರದ ದೊರೆಮಗನ ‘ಅಪ್ಪ’: ಕರ್ನಲ್ ಮೆಡೋಸ್ ಟೇಲರ್

ಸುರಪುರವೆಂದೊಡನೆ ಕನ್ನಡಿಗರ ನೆನಪಿಗೆ ಬರುವ ಹೆಸರು ರಾಜಾ ವೆಂಕಟಪ್ಪ ನಾಯಕನದು. 1857-58ರ ಸಂಗ್ರಾಮದಲ್ಲಿ ಹಲಗಲಿ, ನರಗುಂದ, ಮುಂಡರಗಿಗಳೊಡನೆ ಸುರಪುರದ ಹೆಸರನ್ನೂ ಇತಿಹಾಸದಲ್ಲಿ ಬರೆಯಿಸಿದ ತರುಣ ದೊರೆ ಆತ. ಆ ದೊರೆಯನ್ನು ಏಳೆಂಟು ವರ್ಷದ ಬಾಲಕನಾಗಿದ್ದಾಗಿನಿಂದ ಸಲಹಿ, ಓದು ಬರಹ ಕಲಿಸಿ, ರಾಜ್ಯವನ್ನು ಆತನ ಕೈಗೆ ಒಪ್ಪಿಸಿದವನು ಒಬ್ಬ ಇಂಗ್ಲಿಷ್ ಅಧಿಕಾರಿ. ಬಾಲಕ ಆತನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. ಆ ಅಧಿಕಾರಿಯೇ ಇತಿಹಾಸಕಾರನೂ ಕಾದಂಬರಿಕಾರನೂ ಆಗಿ ಪ್ರಸಿದ್ಧನಾದ ಕರ್ನಲ್ ಫಿಲಿಪ್ ಮೆಡೋಸ್ ಟೇಲರ್. ತೀರಿಕೊಂಡು ಒಂದೂವರೆ ಶತಮಾನವೇ ಆಗುತ್ತ ಬಂದಿದ್ದರೂ ಸುರಪುರದ ಗುಡ್ಡದ ಮೇಲೆ ಆತ ಕಟ್ಟಿಸಿದ ಬಂಗಲೆಯನ್ನು ಜನ ‘ಟೇಲರ್ ಮಂಜಿಲ್’ ಎಂದೇ ಕರೆಯುತ್ತಾರೆ.

ಮುಂಬಯಿ ಪರಿಸರದ ನಮಗೆ ಈತನ ಕಥೆ ದೂರದ್ದಲ್ಲ. ಡೊಂಬಿವಲಿ, ಠಾಣೆ, ನವಿ ಮುಂಬಯಿಗಳಲ್ಲಿ ನೆಲೆಸಿರುವ ಕಲಬುರ್ಗಿ, ಯಾದಗಿರಿ, ರಾಯಚೂರು ಸೀಮೆಯ ಕುಟುಂಬಗಳಿಗೆ ಕಲ್ಯಾಣದಲ್ಲಿ ಉದ್ಯಾನ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋಗುವ ಹಾದಿ ಚಿರಪರಿಚಿತ. ಸೊಲ್ಲಾಪುರ, ಕಲಬುರ್ಗಿ, ವಾಡಿ, ಯಾದಗಿರಿ. ಈ ರೈಲುಹಾದಿಯ ಎಡಬಲದ ಊರುಗಳಲ್ಲಿ ಅನೇಕವು ಟೇಲರನ ಕಾದಂಬರಿಗಳ ಭೂಮಿ. ಆತನ ಭಾರತದ ಬದುಕು ಆರಂಭವಾದದ್ದೂ ಮುಂಬಯಿಯಲ್ಲಿಯೇ.

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. ತಂದೆ ವ್ಯಾಪಾರಿ. ತಾಯಿ ಉತ್ತರ ಇಂಗ್ಲೆಂಡಿನ ನಾರ್ಥಂಬರ್ಲೆಂಡಿನ ಮಿಟ್‌ಫರ್ಡ್ ಮನೆತನದವಳು. ನಾರ್ಥಂಬರ್ಲೆಂಡ್ ಎಂದರೆ ಸ್ಕಾಟ್ಲೆಂಡಿನ ಗಡಿಗೆ ತಾಗಿದ ಗುಡ್ಡನಾಡು. ಕೋಟೆಗಳು, ಗಡಿಜಗಳಗಳು, ದನಗಳ ಲೂಟಿ, ಕುಲವೈರ, ಅವನ್ನೆಲ್ಲ ಹಾಡಿ ಉಳಿಸಿದ ಲಾವಣಿಗಳು — ಇವು ಆ ಸೀಮೆಯ ಆಸ್ತಿ. ಸರ್ ವಾಲ್ಟರ್ ಸ್ಕಾಟ್ ತನ್ನ ಐತಿಹಾಸಿಕ ಕಾದಂಬರಿಗಳಿಗೆ ಜೀವರಸ ಹೀರಿಕೊಂಡದ್ದು ಇಂಥದೇ ನೆಲದಿಂದ. ಮುಂದೆ ಕೃಷ್ಣಾ ತೀರದ ಬೇಡರನ್ನು ಕಂಡಾಗ ಇತರ ಅಧಿಕಾರಿಗಳಿಗೆ ದರೋಡೆಕೋರರು ಕಂಡರೆ ಟೇಲರನಿಗೆ ಸ್ವಾಭಿಮಾನವುಳ್ಳ ಒಂದು ಗುಡ್ಡಗಾಡು ಕುಲ ಕಂಡಿತು. ಆ ದೃಷ್ಟಿಯ ಬೇರು ತಾಯಿಯ ಊರಿನ ಕಥೆಗಳಲ್ಲಿಯೂ ಇದ್ದಿರಬಹುದೆಂದು ನನ್ನ ಊಹೆ.

ತಂದೆಯ ವ್ಯಾಪಾರ ಮುರಿದು ಬಿದ್ದಿತು. ಬಾಲಕ ಲಿವರ್‌ಪೂಲಿನ ಒಂದು ವ್ಯಾಪಾರಿ ಕಚೇರಿಯಲ್ಲಿ ಕೆಲಕಾಲ ಗುಮಾಸ್ತಿಕೆ ಮಾಡಿದ. ಅಷ್ಟರಲ್ಲಿ ಮುಂಬಯಿಯ ಬ್ಯಾಕ್ಸ್‌ಟರ್ ಎಂಬ ವ್ಯಾಪಾರಿ ಆತನನ್ನು ತನ್ನ ಕೋಠಿಗೆ ಸೇರಿಸಿಕೊಂಡು ಇಪ್ಪತ್ತೊಂದು ತುಂಬಿದಾಗ ಪಾಲುದಾರನನ್ನಾಗಿ ಮಾಡಿಕೊಳ್ಳುವುದಾಗಿ ಮಾತು ಕೊಟ್ಟ. ಹದಿನಾರು ತುಂಬದ ಹುಡುಗ 1824ರ ಸೆಪ್ಟೆಂಬರಿನಲ್ಲಿ ಮುಂಬಯಿ ಬಂದರಿನಲ್ಲಿ ಇಳಿದು ನೋಡಿದರೆ ಕೋಠಿಯೇ ದಿವಾಳಿಯ ಅಂಚಿನಲ್ಲಿತ್ತು. ಹಡಗಿಳಿದ ಹುಡುಗನಿಗೆ ಊರೂ ಇಲ್ಲ, ಉದ್ಯೋಗವೂ ಇಲ್ಲ. ತಾಯಿಯ ಕಡೆಯ ಬಂಧುವಾದ ನ್ಯೂನ್‌ಹ್ಯಾಮ್ ಮುಂಬಯಿ ಸರ್ಕಾರದಲ್ಲಿ ಮುಖ್ಯ ಕಾರ್ಯದರ್ಶಿಯಾಗಿದ್ದದ್ದು ಆತನ ಪುಣ್ಯ. ನ್ಯೂನ್‌ಹ್ಯಾಮ್ ವಶೀಲಿಯಿಂದ ಹೈದರಾಬಾದಿನ ನಿಜಾಮನ ಸೈನ್ಯದಲ್ಲಿ ಕೆಲಸ ಸಿಕ್ಕಿತು. ಅದೇ ವರ್ಷದ ಕೊನೆಗೆ ಟೇಲರ್ ಘಟ್ಟ ಹತ್ತಿ ಔರಂಗಾಬಾದಿನ ದಾರಿ ಹಿಡಿದನು.

ಇಲ್ಲೊಂದು ಮಾತನ್ನು ಸ್ಪಷ್ಟಪಡಿಸಬೇಕು. ಟೇಲರ್ ಈಸ್ಟ್ ಇಂಡಿಯಾ ಕಂಪನಿಯ ಖಾಯಂ ನೌಕರನಾಗಿರಲಿಲ್ಲ, ನಿಜಾಮನ ಸೇವೆಯಲ್ಲಿದ್ದವನು. ಕಂಪನಿಯ ಅಧಿಕಾರಿಗಳ ಸಾಲಿನಲ್ಲಿ ಇಂಥವರಿಗೆ ಎರಡನೆಯ ಪಂಕ್ತಿ. ಬಡ್ತಿ, ನಿವೃತ್ತಿವೇತನ, ಗೌರವ ಎಲ್ಲದರಲ್ಲಿಯೂ ಒಂದು ಮೆಟ್ಟಿಲು ಕೆಳಗೆ. ಈ ಕೊರಗು ಆತನನ್ನು ಜೀವನವಿಡೀ ಕಾಡಿತು. ಆದರೆ ಅದೇ ಕಾರಣಕ್ಕೆ ಆತ ದೇಶೀಯ ಸಮಾಜಕ್ಕೆ ಹೆಚ್ಚು ಹತ್ತಿರವಾದನು. ಹಿಂದುಸ್ತಾನಿ, ಮರಾಠಿ, ಪಾರಸಿಗಳನ್ನು ಕಲಿತನು. ಹದಿನೆಂಟರ ಪ್ರಾಯದಲ್ಲಿಯೇ ಪೊಲೀಸ್ ಸಹಾಯಕ ಅಧೀಕ್ಷಕನಾಗಿ ಹಳ್ಳಿಹಳ್ಳಿ ಸುತ್ತಿದನು. ದಾರಿಹೋಕರ ಸ್ನೇಹ ಬೆಳೆಸಿ, ಕರವಸ್ತ್ರದಿಂದ ಕುತ್ತಿಗೆ ಬಿಗಿದು ಕೊಂದು ಹೂಳುತ್ತಿದ್ದ ಠಗರ ಜಾಡು ಆತನಿಗೆ ಆಗಲೇ ಸಿಕ್ಕಿತ್ತು. ಆದರೆ ತನಿಖೆ ಮುಗಿಯುವ ಮೊದಲೇ ದಂಡಿಗೆ ಮರಳುವ ಅಪ್ಪಣೆ ಬಂದು, ಠಗರನ್ನು ಬಯಲಿಗೆಳೆದ ಕೀರ್ತಿ ಉತ್ತರದ ಸ್ಲೀಮನ್ನನ ಪಾಲಾಯಿತು. ಮುಂದೆ ಮಾಫಿ ಸಾಕ್ಷಿಗಳಾದ ಠಗರ ಹೇಳಿಕೆಗಳನ್ನು ದಿನಗಟ್ಟಲೆ ಕುಳಿತು ಬರೆದುಕೊಳ್ಳುವ ಕೆಲಸ ಟೇಲರನಿಗೂ ಬಂದಿತು. ಆ ಹೇಳಿಕೆಗಳೇ ಆತನ ಮೊದಲ ಕಾದಂಬರಿಯ ಕಚ್ಚಾ ಸಾಮಗ್ರಿ.

ಈ ನಡುವೆ ಆತನ ವಿವಾಹವಾಯಿತು. ವಧು ಮೇರಿ ಪಾಮರ್, ಹೈದರಾಬಾದಿನ ಪ್ರಸಿದ್ಧ ಸಾಹುಕಾರ ವಿಲಿಯಂ ಪಾಮರನ ಮಗಳು. ವಿಲಿಯಂ ಪಾಮರನ ತಂದೆ ಇಂಗ್ಲಿಷ್ ಸೇನಾಧಿಕಾರಿ, ತಾಯಿ ಉತ್ತರ ಭಾರತದ ಕುಲೀನ ಮುಸ್ಲಿಂ ಮಹಿಳೆ. ಪಾಮರ್ ಕಂಪನಿಯ ಕಥೆ ಬ್ಯಾಂಕಿನ ಮೇಜಿನ ಹಿಂದೆ ಕುಳಿತವರು ಓದಲೇಬೇಕಾದ ಕಥೆ. ನಿಜಾಮನ ಸರ್ಕಾರಕ್ಕೆ ಶೇಕಡಾ 24ರಷ್ಟು ಬಡ್ಡಿಯಲ್ಲಿ ಸಾಲ ಕೊಡುತ್ತ ಹೋಗಿ, ಕೊನೆಗೆ ರೆಸಿಡೆಂಟನಾಗಿದ್ದ ಮೆಟ್‌ಕಾಫನ ವಿರೋಧದಿಂದ ವ್ಯವಹಾರ ನಿಂತು ಕುಸಿದ ಸಂಸ್ಥೆಯದು. ಸಾಲಗಾರ ರಾಜನಾಗಿದ್ದರೆ ಜಾಮೀನು ಯಾರದು ಎಂಬ ಪ್ರಶ್ನೆ ಆಗಲೂ ಇತ್ತು. ಅದಿರಲಿ. ಮೇರಿಯ ರಕ್ತದಲ್ಲಿ ಭಾರತದ ಅಂಶವಿತ್ತೆಂಬುದು ಮುಂದೆ ಟೇಲರನ ಕಾದಂಬರಿಗಳಲ್ಲಿ ಮತಾಂತರ ವಿವಾಹಗಳು ಸಹಾನುಭೂತಿಯಿಂದ ಚಿತ್ರಿತವಾದದ್ದಕ್ಕೆ ಒಂದು ಕಾರಣವೆಂದು ಭಾವಿಸಲು ಅಡ್ಡಿಯಿಲ್ಲ.

ಜ್ವರದಿಂದ ಬಳಲಿ 1838ರಲ್ಲಿ ರಜೆಯ ಮೇಲೆ ಸ್ವದೇಶಕ್ಕೆ ಹೊರಟ ಟೇಲರ್ ಜೊತೆಯಲ್ಲಿ ಒಂದು ಹಸ್ತಪ್ರತಿಯನ್ನು ಒಯ್ದನು. 1839ರಲ್ಲಿ ‘ಕನ್ಫೆಷನ್ಸ್ ಆಫ್ ಎ ಠಗ್’ ಪ್ರಕಟವಾಯಿತು. ಅಮೀರ್ ಅಲಿ ಎಂಬ ಠಗ ತನ್ನ ಕೃತ್ಯಗಳನ್ನು ತಾನೇ ಹೇಳಿಕೊಳ್ಳುವ ಈ ಕಾದಂಬರಿ ಇಂಗ್ಲೆಂಡಿನಲ್ಲಿ ಸಂಚಲನವನ್ನೇ ಉಂಟುಮಾಡಿತು. ಅಚ್ಚಿನಿಂದ ಹೊರಬೀಳುವ ಮುನ್ನವೇ ವಿಕ್ಟೋರಿಯಾ ರಾಣಿ ಹಾಳೆಗಳನ್ನು ತರಿಸಿಕೊಂಡು ಓದಿದಳೆಂದು ಪ್ರತೀತಿ. ಮರುವರ್ಷ ‘ಟಿಪ್ಪೂ ಸುಲ್ತಾನ್’ ಹೊರಬಂದಿತು. ಮೈಸೂರು ಯುದ್ಧದ ಈ ಕಥೆಯನ್ನು ಮುಂದೆ ಮರಾಠಿಯ ಹರಿ ನಾರಾಯಣ ಆಪಟೆಯವರು ‘ಮ್ಹೈಸೂರಚಾ ವಾಘ್’ ಎಂಬ ಹೆಸರಿನಲ್ಲಿ ಅಳವಡಿಸಿಕೊಂಡರು. ಆಪಟೆಯವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು ಗಳಗನಾಥರು. ಹೀಗೆ ನಮ್ಮ ಅಜ್ಜಂದಿರು ಲಾಂದ್ರದ ಬೆಳಕಿನಲ್ಲಿ ಓದಿದ ಗಳಗನಾಥರ ಪುಸ್ತಕಗಳ ವಂಶಾವಳಿಯಲ್ಲಿ, ಬಹಳ ಹಿಂದೆ ಒಂದು ಕವಲಿನಲ್ಲಿ, ಮೆಡೋಸ್ ಟೇಲರನೂ ಕುಳಿತಿದ್ದಾನೆ.

ಭಾರತಕ್ಕೆ ಹಿಂದಿರುಗಿದ ಸ್ವಲ್ಪ ಕಾಲದಲ್ಲಿಯೇ ಆತನನ್ನು ಸುರಪುರಕ್ಕೆ ಕಳುಹಿಸಲಾಯಿತು. ಸುರಪುರದ ಪೂರ್ವಕಥೆಯನ್ನು ಸ್ವಲ್ಪದರಲ್ಲಿ ಹೇಳುವುದು ಅಗತ್ಯ. ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಈ ಸೀಮೆ ಕಲ್ಲುಗುಡ್ಡಗಳ ನಾಡು. ಬಯಲಿನಲ್ಲಿ ಕಪ್ಪು ಎರೆಮಣ್ಣು. ಅದರ ನಡುವೆ ಇದ್ದಕ್ಕಿದ್ದಂತೆ ಎದ್ದು ನಿಂತ ಗುಂಡುಬಂಡೆಗಳ ಸಾಲು. ಮಲೆನಾಡಿನ ಹಸಿರು ಬೆಟ್ಟಗಳನ್ನು ಕಂಡವರಿಗೆ ಇವು ಬೆಟ್ಟಗಳೇ ಅಲ್ಲವೆನಿಸೀತು. ಆದರೆ ಕೋಟೆ ಕಟ್ಟುವವನಿಗೆ, ಬಂದೂಕು ಹಿಡಿದು ಅಡಗುವವನಿಗೆ ಇದಕ್ಕಿಂತ ಅನುಕೂಲದ ತಾಣವಿಲ್ಲ. ಬೇಡ ನಾಯಕರು ಇಲ್ಲಿ ತಲೆಮಾರುಗಳ ಕಾಲ ಆಳಿದರು. ಅವರ ಹಳೆಯ ನೆಲೆ ವಾಗಿಣಗೇರಿ. ಇಡೀ ದಖ್ಖನನ್ನು ಮಣಿಸಲು ಹೊರಟ ಔರಂಗಜೇಬ ತನ್ನ ಮುಪ್ಪಿನಲ್ಲಿ, 1705ರಲ್ಲಿ, ಸ್ವತಃ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಈ ವಾಗಿಣಗೇರಿಯದೇ. ಕೋಟೆ ಕೈಗೆ ಬಂದಿತು. ಕೋಟೆಯ ಒಡೆಯ ಸಿಗಲಿಲ್ಲ. ಎರಡು ವರ್ಷಗಳಲ್ಲಿ ಬಾದಶಹನೇ ಅಹಮದನಗರದಲ್ಲಿ ತೀರಿಕೊಂಡನು. ಬೇಡ ನಾಯಕರು ಸುರಪುರವನ್ನು ರಾಜಧಾನಿಯನ್ನಾಗಿಸಿಕೊಂಡು ಆಳಿದರು.

ಟೇಲರ್ ಬರುವ ಹೊತ್ತಿಗೆ ಆ ವೈಭವ ಕರಗಿತ್ತು. ರಾಜಾ ಕೃಷ್ಣಪ್ಪ ನಾಯಕ ಪಟ್ಟಕ್ಕೆ ಬರುವಾಗ ನಿಜಾಮನಿಗೆ ಕೊಡಲೊಪ್ಪಿದ ಭಾರಿ ನಜರಾಣೆಯ ಬಾಕಿ ಬೆಳೆಯುತ್ತ ಹೋಗಿತ್ತು. ಕಂದಾಯವು ನಡುವಿನವರ ಕೈಯಲ್ಲಿ ಸೋರುತ್ತಿತ್ತು. ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ಏಳೆಂಟು ವರ್ಷದ ಬಾಲಕ. ಆಡಳಿತ ಯಾರ ಕೈಯಲ್ಲಿರಬೇಕು? ತಾಯಿ ರಾಣಿ ಈಶ್ವರಮ್ಮನೋ, ಚಿಕ್ಕಪ್ಪ ಪಿಡ್ಡ ನಾಯಕನೋ? ಕಂಪನಿಯ ಒಲವು ಚಿಕ್ಕಪ್ಪನ ಕಡೆಗೆ. ರಾಣಿ ಪಟ್ಟು ಬಿಡಲಿಲ್ಲ. ಗುಡ್ಡಗಳಲ್ಲಿ ಹನ್ನೆರಡು ಸಾವಿರ ಬೇಡರ ಪಡೆ ಇತ್ತೆಂದು ಟೇಲರ್ ಬರೆದಿದ್ದಾನೆ. ಕೈಯಲ್ಲಿದ್ದ ಚಿಕ್ಕ ದಂಡನ್ನು ಮುಂದಿಟ್ಟುಕೊಂಡು, ಮಾತಿನ ಬಲದಿಂದಲೇ ಹೆಚ್ಚಿನ ಕೆಲಸ ಸಾಧಿಸಿ, ಬೇಡ ಮುಖಂಡರಿಂದ ವಿಧೇಯತೆಯ ವಚನ ಪಡೆದನು. ಇನಾಮು ಭೂಮಿಗಳಿಗೆ ಕೈ ಹಚ್ಚುವುದಿಲ್ಲವೆಂಬ ನಂಬಿಕೆ ಹುಟ್ಟಿಸಿದ್ದೇ ಅದರ ಗುಟ್ಟು.

ಈಶ್ವರಮ್ಮನ ವಿಷಯದಲ್ಲಿ ಟೇಲರನ ಲೇಖನಿ ಕಠಿಣ. ಆಕೆಯ ಒಳಸಂಚು, ದುಂದು, ನಡತೆ ಎಲ್ಲವನ್ನೂ ಆತ ದೂರಿದ್ದಾನೆ. ಆದರೆ ಆ ಹೆಣ್ಣುಮಗಳ ಕಡೆಯ ಮಾತನ್ನು ಅದೇ ವಿಸ್ತಾರದಲ್ಲಿ ಬರೆದಿಟ್ಟವರಿಲ್ಲ. ಗಂಡ ಸತ್ತ ಮನೆಯಲ್ಲಿ, ಮೈದುನನೂ ಪರದೇಶಿಯೂ ಸೇರಿ ಮಗನ ರಾಜ್ಯವನ್ನು ಆಳುವುದನ್ನು ಕಂಡ ತಾಯಿ ಸುಮ್ಮನೆ ಕೂರಬೇಕಾಗಿತ್ತೆ? ಕಿತ್ತೂರಿನ ಚೆನ್ನಮ್ಮನ ಕಥೆ ಅರಿತ ನಾವು ಟೇಲರನ ಈ ಪುಟಗಳನ್ನು ಸ್ವಲ್ಪ ಎಚ್ಚರದಿಂದಲೇ ಓದಬೇಕು.

ಮುಂದಿನ ಹತ್ತು ಹನ್ನೊಂದು ವರ್ಷ ಸುರಪುರವನ್ನು ನಡೆಸಿದವನು ಟೇಲರನೇ. ಹಳೆಯ ದಫ್ತರಗಳನ್ನು ಬಿಚ್ಚಿಸಿ ಯಾವ ಹಳ್ಳಿಯಿಂದ ಎಷ್ಟು ಬರಬೇಕು, ಎಷ್ಟು ಬರುತ್ತಿದೆ, ನಡುವೆ ನಿಂತದ್ದು ಎಲ್ಲಿ ಎಂದು ಲೆಕ್ಕ ತೆಗೆದನು. ರೈತನ ಹಿಡುವಳಿಗೆ ಭದ್ರತೆ ಕೊಟ್ಟು, ಕಂದಾಯದ ಬಾಬತ್ತುಗಳನ್ನು ನಿಶ್ಚಯಿಸಿದನು. ಸಾಲದ ಹೊರೆ ಇಳಿಯತೊಡಗಿತು. ರಸ್ತೆಗಳಾದವು. ಸಮೀಪದ ಬೋನಾಳದ ದೊಡ್ಡ ಕೆರೆ ನಾಯಕರ ಕಾಲದ್ದು; ಟೇಲರ್ ಅದನ್ನು ದುರಸ್ತಿ ಮಾಡಿ ಹಿಗ್ಗಿಸಿದನು. ಇಂದು ಆ ಕೆರೆ ಪಕ್ಷಿಧಾಮವಾಗಿದೆ. ಗುಡ್ಡದ ಮೇಲಿನ ಬಂಗಲೆಯಲ್ಲಿ ಕುಳಿತರೆ ಕೆಳಗೆ ಊರು, ಅರಮನೆ, ಹೊಲಗಳು ಒಂದೇ ನೋಟಕ್ಕೆ ಕಾಣುತ್ತಿದ್ದವು. ಅಲ್ಲಿಂದಲೇ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಭಾರತದ ಸಮಾಚಾರ ಬರೆದು ಕಳುಹಿಸುತ್ತಿದ್ದನು. ಸುರಪುರದ ಕೆಲಸದ ಆರಂಭದ ವರ್ಷಗಳಲ್ಲಿಯೇ ಮೇರಿ ತೀರಿಕೊಂಡಳು. ಇಬ್ಬರು ಹೆಣ್ಣುಮಕ್ಕಳು ಇಂಗ್ಲೆಂಡಿನಲ್ಲಿ. ಮರುಮದುವೆಯಾಗದ ಟೇಲರನ ಮನೆಗೆ ನಿತ್ಯ ಬರುತ್ತಿದ್ದ ಮಗುವೆಂದರೆ ಪುಟ್ಟ ದೊರೆ ವೆಂಕಟಪ್ಪ. ತನ್ನ ಮಕ್ಕಳನ್ನು ಕಡಲಾಚೆ ಬಿಟ್ಟ ತಂದೆ, ತಂದೆಯಿಲ್ಲದ ಮಗ. ಅಪ್ಪಾ ಎಂಬ ಕರೆ ಬರಿಯ ಉಪಚಾರದ್ದಾಗಿರಲಿಲ್ಲ.

ಈ ಅವಧಿಯಲ್ಲಿ ಟೇಲರ್ ಮಾಡಿದ ಇನ್ನೊಂದು ಕೆಲಸ ಆತನ ಆಡಳಿತಕ್ಕಿಂತಲೂ ಹೆಚ್ಚು ಕಾಲ ಉಳಿಯಿತು. ರಾಜನಕೋಳೂರು, ಜೇವರ್ಗಿ, ಹಗರಟಗಿ ಮೊದಲಾದ ಊರುಗಳ ಬಯಲಿನಲ್ಲಿ ಚಪ್ಪಡಿಕಲ್ಲುಗಳನ್ನು ನಿಲ್ಲಿಸಿ ಮೇಲೊಂದು ಕಲ್ಲು ಹೊದಿಸಿದ ಮನೆಯಂಥ ರಚನೆಗಳೂ ಕಲ್ಲು ರಾಶಿಯ ದಿಬ್ಬಗಳೂ ಇದ್ದವು. ಇಂಥವನ್ನು ನಮ್ಮ ಜನ ಮೋರ್ಯರ ಮನೆಗಳೆನ್ನುತ್ತಾರೆ. ಯಾವುದೋ ಕುಳ್ಳ ಜನಾಂಗ ಅಲ್ಲಿ ವಾಸಿಸುತ್ತಿತ್ತೆಂಬ ಕಥೆ ಕಟ್ಟಿದ್ದಾರೆ. ಟೇಲರ್ ದಿಬ್ಬಗಳನ್ನು ಅಗೆಯಿಸಿದನು. ಅಗೆದದ್ದು ನಿಧಿಗಾಗಿ ಅಲ್ಲ. ಯಾವ ಆಳದಲ್ಲಿ ಮಡಕೆ, ಯಾವ ಆಳದಲ್ಲಿ ಎಲುಬು, ಯಾವ ಮಣ್ಣಿನ ಮೇಲೆ ಯಾವ ಮಣ್ಣು ಎಂದು ಅಳೆದು ಸೀಳುನೋಟದ ಚಿತ್ರ ಬರೆದಿಟ್ಟನು. ಅವು ಆದಿಕಾಲದ ಗೋರಿಗಳೆಂದು ಗುರುತಿಸಿದನು. ಈ ಶೋಧನೆಗಳ ವರದಿಗಳು 1850ರ ದಶಕದ ಆರಂಭದಲ್ಲಿ ಅಚ್ಚಾದದ್ದು ರಾಯಲ್ ಏಷಿಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಯಲ್ಲಿ. ಫೋರ್ಟಿನ ಹಾರ್ನಿಮನ್ ಸರ್ಕಲ್ ಎದುರಿಗೆ ದೊಡ್ಡ ಕಂಬಗಳ ಟೌನ್ ಹಾಲ್ ಇದೆಯಲ್ಲ, ಏಷಿಯಾಟಿಕ್ ಗ್ರಂಥಾಲಯವಿರುವುದು ಅಲ್ಲಿಯೇ. ಆ ಮೆಟ್ಟಿಲುಗಳ ಮೇಲೆ ಛಾಯಾಚಿತ್ರ ತೆಗೆಸಿಕೊಳ್ಳುವವರಿಗೆ ಒಳಗಿನ ಸಂಪುಟಗಳಲ್ಲಿ ಜೇವರ್ಗಿಯ ಗೋರಿಗಳ ವರ್ಣನೆ ಇರುವುದು ಗೊತ್ತಿರಲಾರದು. ಸುಮಾರು ನೂರು ವರ್ಷಗಳ ತರುವಾಯ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥನಾಗಿದ್ದ ಮಾರ್ಟಿಮರ್ ವ್ಹೀಲರ್ ಟೇಲರನ ಆ ಸೀಳುನೋಟದ ಚಿತ್ರಗಳನ್ನು ಮೆಚ್ಚಿ ಬರೆದನು. ಕಲ್ಲುಗಳು ಬ್ರಿಟನ್ನಿನ ಕಲ್ಲುಗೋರಿಗಳಂತೆಯೇ ಇರುವುದನ್ನು ಕಂಡು ಎರಡಕ್ಕೂ ಒಂದೇ ಜನಾಂಗವನ್ನು ಊಹಿಸಿದ್ದು ಮಾತ್ರ ಇಂದು ನಿಲ್ಲುವ ಮಾತಲ್ಲ.

1853ನೆಯ ಇಸವಿ ಎರಡು ಕಾರಣಗಳಿಂದ ನೆನಪಿಡತಕ್ಕದ್ದು. ಏಪ್ರಿಲ್ 16ರಂದು ಬೋರಿ ಬಂದರಿನಿಂದ ನಮ್ಮ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತು. ಅದೇ ವರ್ಷ ನಿಜಾಮನು ಕಂಪನಿಯ ದಂಡಿನ ಖರ್ಚಿನ ಬಾಕಿಗೆ ವರ್‍ಹಾಡ, ನಳದುರ್ಗ, ರಾಯಚೂರು ಸೀಮೆಗಳನ್ನು ಕಂಪನಿಗೆ ವಹಿಸಿಕೊಟ್ಟನು. ಪ್ರಾಯಕ್ಕೆ ಬಂದ ವೆಂಕಟಪ್ಪ ನಾಯಕನಿಗೆ ಸುರಪುರವನ್ನು ಒಪ್ಪಿಸಿ ಟೇಲರ್ ನಳದುರ್ಗದ ಜಿಲ್ಲಾಧಿಕಾರಿಯಾಗಿ ಹೋದನು. ತರುಣನ ಸುತ್ತಲಿನ ಹೊಗಳುಭಟರನ್ನೂ ಆತನ ದುಂದನ್ನೂ ಕಂಡು, ರಾಜ್ಯಾಧಿಕಾರ ಇಷ್ಟು ಬೇಗ ಬೇಡವೆಂದು ಆತನಿಗೆ ಅನ್ನಿಸಿತ್ತು.

ನಳದುರ್ಗ ಜಿಲ್ಲೆಯಲ್ಲಿ ತುಳಜಾಪುರವಿತ್ತು. ತುಳಜಾಭವಾನಿ ಮರಾಠಿಗರಿಗೆ ಹೇಗೋ ಗಡಿಯ ಕನ್ನಡಿಗರ ಅನೇಕ ಮನೆಗಳಿಗೂ ಹಾಗೆಯೇ ಕುಲದೇವತೆ. ನಮ್ಮ ಕಲ್ಯಾಣ, ಡೊಂಬಿವಲಿಯ ಎಷ್ಟೋ ಮನೆಗಳಿಂದ ಇಂದಿಗೂ ನವರಾತ್ರಿಗೆ ಅಲ್ಲಿಗೆ ಹೋಗುವುದುಂಟು. ಪೊಲೀಸ್ ಕೆಲಸದ ದಿನಗಳಿಂದಲೇ ಟೇಲರನಿಗೆ ಆ ಕ್ಷೇತ್ರದ ಪರಿಚಯವಿತ್ತು. ಆ ಭಾಗದ ಜನ ಆತನನ್ನು ‘ಮಹಾದೇವ ಬಾಬಾ’ ಎಂದು ಕರೆದರು. ಮೆಡೋಸ್ ಎಂಬ ಹೆಸರು ಜನರ ನಾಲಿಗೆಯಲ್ಲಿ ಮಹಾದೇವನಾಗಿದ್ದರೂ ಆಶ್ಚರ್ಯವಿಲ್ಲ.

1857ರಲ್ಲಿ ಉತ್ತರದಲ್ಲಿ ದಂಗೆಯೆದ್ದಾಗ ಟೇಲರನನ್ನು ವರ್‍ಹಾಡದ ಬುಲ್ಢಾಣಾಕ್ಕೆ ಕಳುಹಿಸಿದರು. ದಂಡಿನ ಬೆಂಬಲವಿಲ್ಲದೆ, ಜನರ ವಿಶ್ವಾಸವೊಂದನ್ನೇ ನೆಚ್ಚಿ ಆ ಜಿಲ್ಲೆಯನ್ನು ಶಾಂತವಾಗಿ ಇರಿಸಿದನೆಂದು ಸರ್ಕಾರ ಹೊಗಳಿತು. ಆದರೆ ತಾನೇ ಬೆಳೆಸಿದ ಸುರಪುರ ಶಾಂತವಾಗಿ ಉಳಿಯಲಿಲ್ಲ. ವೆಂಕಟಪ್ಪ ನಾಯಕ ಅರಬರನ್ನೂ ರೋಹಿಲರನ್ನೂ ಸೇರಿಸಿಕೊಂಡು ಬೇಡರ ಪಡೆಯನ್ನು ಸಜ್ಜುಗೊಳಿಸುತ್ತಿದ್ದನು. ನಾನಾಸಾಹೇಬನ ದೂತರು ಬಂದುಹೋದರೆಂಬ ಸುದ್ದಿಯಿತ್ತು. ಬುದ್ಧಿ ಹೇಳಲೆಂದು ಕಳುಹಿಸಿದ ಕ್ಯಾಂಪ್‌ಬೆಲ್ ಎಂಬ ಅಧಿಕಾರಿಯ ಮಾತು ನಡೆಯಲಿಲ್ಲ. 1858ರ ಫೆಬ್ರವರಿಯ ಮೊದಲ ವಾರ ಮುಗಿಯುವ ಹೊತ್ತಿಗೆ ಸುರಪುರದ ಗುಡ್ಡಗಳಲ್ಲಿ ಗುಂಡಿನ ಸದ್ದು ಮೊಳಗಿತು. ರಾತ್ರಿಯಿಡೀ ಕಾದಾಟ. ಮರುದಿನದ ಕದನದಲ್ಲಿ ಕ್ಯಾಪ್ಟನ್ ನ್ಯೂಬೆರಿ ಹತನಾದನು. ಆದರೆ ಸುತ್ತಲಿಂದ ಇನ್ನಷ್ಟು ದಂಡುಗಳು ಬರುತ್ತಿರುವ ಸುದ್ದಿ ತಿಳಿದು ರಾಜನು ಕೋಟೆ ಬಿಟ್ಟು ಹೈದರಾಬಾದಿಗೆ ಹೋದನು. ಸಾಲಾರ್ ಜಂಗನ ಆಶ್ರಯ ಸಿಗಬಹುದೆಂಬ ಆಸೆ ಇತ್ತೇನೋ. ಬಜಾರಿನಲ್ಲಿ ಸಿಕ್ಕಿಬಿದ್ದನು, ಸಾಲಾರ್ ಜಂಗ್ ಆತನನ್ನು ರೆಸಿಡೆಂಟನಿಗೆ ಒಪ್ಪಿಸಿದನು.

ಸಿಕಂದರಾಬಾದಿನ ಸೆರೆಯಲ್ಲಿ ಅಪ್ಪ ಮಗನ ಭೇಟಿಯಾಯಿತು. ಟೇಲರನನ್ನು ಕಂಡೊಡನೆ ರಾಜನು ತಬ್ಬಿಕೊಂಡು ಅತ್ತನು. ಆದರೆ ಪ್ರಾಣಭಿಕ್ಷೆ ಬೇಡಲೊಪ್ಪಲಿಲ್ಲ. ತನ್ನನ್ನು ಹುರಿದುಂಬಿಸಿದವರ ಹೆಸರು ಹೇಳಿ ಉಳಿದುಕೊಳ್ಳಲೂ ಸಿದ್ಧನಾಗಲಿಲ್ಲ. ಕಳ್ಳನಂತೆ ನೇಣಿಗೆ ಹಾಕದೆ ತೋಪಿನ ಬಾಯಿಗೆ ಕಟ್ಟಿ ಹಾರಿಸಿದರೆ ಸಾಕೆಂಬುದೊಂದೇ ಆತನ ಬಯಕೆಯಾಗಿತ್ತು. ಇದನ್ನೆಲ್ಲ ಬರೆದಿಟ್ಟವನು ಟೇಲರನೇ. ಬಂಡಾಯಗಾರನೆಂದು ತನ್ನ ಸರ್ಕಾರ ತೀರ್ಮಾನಿಸಿದವನ ಸ್ಥೈರ್ಯವನ್ನು ಮರೆಮಾಚದೆ ಬರೆದ ಆ ಪುಟಗಳಿಗಾಗಿ ಕನ್ನಡಿಗರು ಆತನಿಗೆ ಋಣಿಗಳು.

ವಿಚಾರಣೆಯಲ್ಲಿ ಮರಣದಂಡನೆಯಾಯಿತು. ಟೇಲರನೂ ಬೇಡಿಕೊಂಡನು. ರೆಸಿಡೆಂಟ್ ಡೇವಿಡ್‌ಸನ್ ಅದನ್ನು ಜೀವಾವಧಿ ಕರಿನೀರಿನ ಶಿಕ್ಷೆಗೆ ಇಳಿಸಿದನು. ಗವರ್ನರ್ ಜನರಲ್ ಕ್ಯಾನಿಂಗ್ ಅದನ್ನೂ ತಗ್ಗಿಸಿ ಮದರಾಸಿನ ಸಮೀಪದ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷಗಳ ಸೆರೆವಾಸಕ್ಕೆ ಇಳಿಸಿದನು. ನಡತೆ ಚೆನ್ನಾಗಿದ್ದರೆ ರಾಜ್ಯ ಮರಳಿ ಸಿಗುವ ಭರವಸೆಯೂ ಇತ್ತು. ಪಲ್ಲಕ್ಕಿ ಚೆಂಗಲ್ಪಟ್ಟಿನ ಕಡೆಗೆ ಹೊರಟಿತು. ಹೈದರಾಬಾದಿನಿಂದ ಹೊರಟ ಮೊದಲ ಬೀಡಿನಲ್ಲಿಯೇ ವೆಂಕಟಪ್ಪ ನಾಯಕ ಗುಂಡೇಟಿನಿಂದ ಸತ್ತನು. ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ತಾನೇ ಹೊಡೆದುಕೊಂಡನೆಂದು ಸರ್ಕಾರದ ದಾಖಲೆ. ರಾಜ್ಯ ಮರಳಿ ಬರುವ ದಾರಿ ತೆರೆದಿರುವಾಗ ಆತ ಹಾಗೇಕೆ ಮಾಡಿಕೊಂಡಾನು ಎಂಬ ಸಂಶಯ ಹುಟ್ಟುವುದು ಸಹಜ. ಅಪಮಾನದ ಬದುಕು ಬೇಡವೆನಿಸಿದ್ದರೆ ಅದೂ ಸಹಜವೇ. ಆಗ ಆತನಿಗೆ ಇಪ್ಪತ್ತನಾಲ್ಕನೆಯ ವರ್ಷ ನಡೆಯುತ್ತಿತ್ತು.

ಬಹಳ ವರ್ಷಗಳ ಹಿಂದೆ ಸುರಪುರದಲ್ಲಿ ರಾಣಿಯ ಸಮ್ಮುಖದಲ್ಲಿ ಒಬ್ಬ ವೃದ್ಧ ಜೋಯಿಸ ಬಾಲಕನ ಜಾತಕವನ್ನು ಟೇಲರನಿಗೆ ತೋರಿಸಿ, ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಗಂಡಾಂತರವೆಂದು ಹೇಳಿದ್ದನಂತೆ. ಟೇಲರ್ ಆಗ ನಕ್ಕು ಬಿಟ್ಟಿದ್ದನು. ರಾಜನ ಶಿಕ್ಷೆ ತಗ್ಗಿದ ಸುದ್ದಿ ಬಂದಾಗ ಜಾತಕ ಸುಳ್ಳಾಯಿತೆಂದು ಸಮಾಧಾನಪಟ್ಟನು. ಅದರ ಹಿಂದೆಯೇ ಸಾವಿನ ಸುದ್ದಿ ಬಂದಿತು. ಜ್ಯೋತಿಷ್ಯದಲ್ಲಿ ನಂಬಿಕೆ ಇರುವವರೂ ಇಲ್ಲದವರೂ ಆ ಪುಟವನ್ನು ಓದಿ ಒಂದು ಕ್ಷಣ ಪುಸ್ತಕ ಕೆಳಗಿಡುತ್ತಾರೆ.

ಸರ್ಕಾರ ಸುರಪುರದ ವ್ಯವಸ್ಥೆಗೆ ಮತ್ತೆ ಟೇಲರನನ್ನೇ ಕಳುಹಿಸಿತು. ಅದೇ ಬಂಗಲೆ, ಅದೇ ನೋಟ. ಕೆಳಗಿನ ಅರಮನೆಯಲ್ಲಿ ಮಾತ್ರ ದೊರೆಯಿಲ್ಲ. 1860ರಲ್ಲಿ ಸುರಪುರವನ್ನು ನಿಜಾಮನಿಗೆ, ದಂಗೆಯ ಕಾಲದ ನಿಷ್ಠೆಗೆ ಬಹುಮಾನವಾಗಿ, ಕೊಡಲಾಯಿತು. ಅದೇ ವರ್ಷ ಆರೋಗ್ಯ ಕೆಟ್ಟು ಟೇಲರ್ ಭಾರತ ಬಿಟ್ಟನು.

ಐರ್ಲೆಂಡಿನ ಡಬ್ಲಿನ್ ಸಮೀಪದ ಮನೆಯಲ್ಲಿ ಕುಳಿತು ಆತ ಬರೆದದ್ದು ಅಪಾರ. 1863ರಲ್ಲಿ ‘ತಾರಾ’ ಬಂದಿತು. ತುಳಜಾಪುರದ ವ್ಯಾಸಶಾಸ್ತ್ರಿಯ ಮಗಳು ಬಾಲವಿಧವೆ ತಾರಾ, ಬಿಜಾಪುರದ ಅಫಜಲಖಾನನ ಮಗ ಫಾಜಿಲ್, ಹಿನ್ನೆಲೆಯಲ್ಲಿ ಶಿವಾಜಿಯ ಉದಯ ಮತ್ತು ಪ್ರತಾಪಗಡದ ಪ್ರಸಂಗ. ‘ರಾಲ್ಫ್ ಡಾರ್ನೆಲ್’ 1865ರಲ್ಲಿ, ‘ಸೀತಾ’ 1872ರಲ್ಲಿ ಬಂದವು. ಮೂರೂ ಕೂಡಿ ಒಂದು ಯೋಜನೆ: 1657ರಲ್ಲಿ ಮರಾಠರ ಏಳಿಗೆ, 1757ರಲ್ಲಿ ಪ್ಲಾಸಿ, 1857ರಲ್ಲಿ ದಂಗೆ. ನೂರು ನೂರು ವರ್ಷಗಳ ಈ ಅಂತರ ಆತನಿಗೆ ಬಹಳ ಹಿಡಿಸಿತ್ತು. ಪ್ರತಾಪಗಡದ ಘಟನೆ ನಡೆದದ್ದು 1659ರಲ್ಲಿಯಾದ್ದರಿಂದ ಲೆಕ್ಕ ಪೂರ್ತಿ ಕೂಡುವುದಿಲ್ಲ. ಆದರೂ ಶಿವಾಜಿ ನಮ್ಮ ಕಲ್ಯಾಣ ಭಿವಂಡಿಗಳನ್ನು ವಶಪಡಿಸಿಕೊಂಡದ್ದು 1657ರಲ್ಲಿಯೇ. ಈ ನಡುವೆ 1866ರಲ್ಲಿ ಬಿಜಾಪುರದ, ಧಾರವಾಡ ಮೈಸೂರುಗಳ ವಾಸ್ತುಶಿಲ್ಪದ ಛಾಯಾಚಿತ್ರ ಸಂಪುಟಗಳಿಗೆ ಐತಿಹಾಸಿಕ ವಿವರಣೆ ಬರೆದನು. 1870ರಲ್ಲಿ ಭಾರತದ ಇತಿಹಾಸದ ಪಠ್ಯವೊಂದು ಹೊರಬಂದಿತು.

ಒಂದು ವಿಷಯ ಮಾತ್ರ ಗಮನ ಸೆಳೆಯುತ್ತದೆ. 1857ರ ಕಾದಂಬರಿಗೆ ಟೇಲರನ ಕೈಯಲ್ಲಿ ಇದ್ದ ವಸ್ತುವಿನಂಥದು ಬೇರಾವ ಇಂಗ್ಲಿಷ್ ಲೇಖಕನಿಗೂ ದೊರಕಿರಲಿಲ್ಲ. ತಾನು ಸಾಕಿದ ಹುಡುಗ, ತನ್ನ ಸರ್ಕಾರದ ವಿರುದ್ಧ ಕತ್ತಿ ಹಿಡಿದ ದೊರೆ, ಸೆರೆಮನೆಯ ಭೇಟಿ, ಜಾತಕ, ಗುಂಡು. ಆದರೆ ‘ಸೀತಾ’ ನಡೆಯುವುದು ಉತ್ತರ ಭಾರತದ ನೂರ್‌ಪುರವೆಂಬ ಕಲ್ಪಿತ ಊರಿನಲ್ಲಿ. ಅಲ್ಲಿನ ನಾಯಕ ಹಿಂದೂ ವಿಧವೆಯನ್ನು ಮದುವೆಯಾಗುವ ಇಂಗ್ಲಿಷ್ ಅಧಿಕಾರಿ, ಖಳ ಅಜ್ರಾಯಿಲ್ ಪಾಂಡೆ. ಸುರಪುರವಿಲ್ಲ, ಬೇಡರ ದೊರೆಯಿಲ್ಲ. ಖಳನನ್ನಾಗಿ ಚಿತ್ರಿಸಲು ಮನಸ್ಸು ಒಪ್ಪದು; ನಾಯಕನನ್ನಾಗಿ ಮಾಡಿದರೆ ಮೂವತ್ತಾರು ವರ್ಷಗಳ ಸೇವ್ಯ ಸೇವಕ ಸಂಬಂಧವೇ ಪ್ರಶ್ನೆಗೆ ಒಳಗಾಗುತ್ತದೆ. ಆ ಕಥೆಯನ್ನು ಆತ ಕಾದಂಬರಿಯಾಗಿಸದೆ ಆತ್ಮಕಥೆಗೆ ಕಾದಿರಿಸಿದನು. ‘ದ ಸ್ಟೋರಿ ಆಫ್ ಮೈ ಲೈಫ್’ ಆತ ತೀರಿಕೊಂಡ ಮರುವರ್ಷ, 1877ರಲ್ಲಿ, ಮಗಳು ಅಲಿಸ್ ಸಂಪಾದಿಸಿ ಪ್ರಕಟಿಸಿದಳು. ನನ್ನ ಮಟ್ಟಿಗೆ ಟೇಲರನ ಶ್ರೇಷ್ಠ ಕೃತಿ ಅದು. ಕಾದಂಬರಿಗಳಲ್ಲಿ ಸಡಿಲವಾಗುವ ಆತನ ಗದ್ಯ ಅಲ್ಲಿ ಬಿಗಿಯಾಗಿದೆ.

1875ರಲ್ಲಿ, ಕಣ್ಣು ಮಂಜಾಗುತ್ತಿದ್ದ ವಯಸ್ಸಿನಲ್ಲಿ, ಸಾಲಾರ್ ಜಂಗನ ಆಹ್ವಾನದ ಮೇಲೆ ಟೇಲರ್ ಮತ್ತೊಮ್ಮೆ ಭಾರತಕ್ಕೆ ಬಂದನು. ಆದರೆ ಇಲ್ಲಿದ್ದಾಗ ದೃಷ್ಟಿ ಪೂರ್ತಿ ಹೋಯಿತು. ಹಿಂದಿರುಗುವ ದಾರಿಯಲ್ಲಿ ಫ್ರಾನ್ಸಿನ ಮೆಂತೋನ್ ಎಂಬಲ್ಲಿ 1876ರ ಮೇ 13ರಂದು ಆತ ತೀರಿಕೊಂಡನು. ಜೊತೆಗೆ ಮುಗಿಸಿಟ್ಟ ಇನ್ನೊಂದು ಕಾದಂಬರಿಯಿತ್ತು. ಚಾಂದಬೀಬಿಯ ಕಥೆಯಾದ ‘ಎ ನೋಬಲ್ ಕ್ವೀನ್’ 1878ರಲ್ಲಿ ಅಚ್ಚಾಯಿತು. ರಾಣಿ ಬಿಜಾಪುರ ಅಹಮದನಗರಗಳವಳಾದರೂ ಕಥೆ ಆರಂಭವಾಗುವುದು ಉಕ್ಕಿ ಹರಿಯುವ ಕೃಷ್ಣೆಯ ದಡದಲ್ಲಿ. ಗಾಯಗೊಂಡ ಅಬ್ಬಾಸಖಾನ ಎಂಬ ತರುಣನನ್ನು ಹೊಳೆ ದಾಟಿಸಿ ಲಿಂಗಸುಗೂರು ಕಡೆಯ ಜಲದುರ್ಗದ ಕೋಟೆಗೆ ಸೇರಿಸುತ್ತಾರೆ. ಆತನ ಬೆನ್ನಿಗೆ ಕೊನೆಯವರೆಗೂ ನಿಲ್ಲುವ ನಂಬಿಕೆಯ ಮಿತ್ರನೊಬ್ಬನಿದ್ದಾನೆ. ಹೆಸರು ರಂಗ ನಾಯಕ, ಬೇಡರ ಮುಖಂಡ.